ಮಳೆ ಪೆಟ್ಟಿಗೆಯ ಪರದೆಗೆ ಬೆಳಕು: ರೆಸಿಸ್ಟರ್, ಚಾರ್ಜ್ ಪಂಪ್, ಬೂಸ್ಟ್ ಮೂರನ್ನೂ ಹಾಕಿ ನೋಡಿದ ಮೇಲೆ

ಮಳೆ ಲೆಕ್ಕ ತೋರಿಸುವ ಪೆಟ್ಟಿಗೆಯ ಪರದೆ ಬೆಳಗಿಸಲು ಮೂರು ದಾರಿ ಹಾಕಿ ನೋಡಿದೆ: ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್, ಕೆಪಾಸಿಟರ್ ಬಳಸಿ ವೋಲ್ಟೇಜ್ ಏರಿಸುವ ಚಾರ್ಜ್ ಪಂಪ್, ಕಾಯಿಲ್ ಬಳಸಿ ಏರಿಸುವ ಬೂಸ್ಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೂಸ್ಟ್‌ಗೆ. ಕಾಯಿಲ್ ಇರುವ, ಹೆಬ್ಬೆರಳಿನಷ್ಟು ಅಗಲದ ಆ ಸಣ್ಣ ಬೋರ್ಡಿಗೆ. ಚಾರ್ಜ್ ಪಂಪ್‌ಗೆ ದುಡ್ಡು ಸುರಿದ ಮೇಲೆ ಬಂದ ತೀರ್ಮಾನ ಇದು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂದುಕೊಂಡೇ ಓದಿ.

ಕೊಡಗಿನ ಸುಂಟಿಕೊಪ್ಪ, ಮಾದಾಪುರ ಕಡೆ ಕಾಫಿ ತೋಟ ಇರುವವರಿಗೆ ಮಳೆ ಲೆಕ್ಕ ಬರೆಯುವ ರೂಢಿ ಹೊಸದಲ್ಲ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ರೈಟರ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಮಳೆಗಾಲಕ್ಕೆ ಇದು ಸಾಕು. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸಾಲದು. ರೊಬಸ್ಟಾಗೆ ಒಂದು ಇಂಚಿನ ಆಸುಪಾಸು ಬಿದ್ದರೆ ನೆಮ್ಮದಿ. 40 ಸೆಂಟಿಗೆ ನಿಂತುಬಿಟ್ಟರೆ ಉಳಿದದ್ದನ್ನು ಸ್ಪ್ರಿಂಕ್ಲರ್ ಹಾಕಿ ತುಂಬಿಸಬೇಕು, ಅದಕ್ಕೆ ಪಂಪ್‌ಸೆಟ್, ಪೈಪು, ಆಳು ಎಲ್ಲ ಬೆಳಗಾಗುವ ಮೊದಲೇ ಹೊಂದಿಸಬೇಕು. ಅದಕ್ಕೇ ರಾತ್ರಿಯೇ ಲೆಕ್ಕ ಬೇಕು. ಕೊಡೆ, ಟಾರ್ಚ್ ಹಿಡಿದು ಅಂಗಳಕ್ಕೆ ಇಳಿಯುವ ಬದಲು ಕೈಯಲ್ಲಿ ಹಿಡಿಯುವ ಒಂದು ಪೆಟ್ಟಿಗೆ ಮಾಡಿಕೊಂಡೆ. ಆಮೇಲೆ ಅಕ್ಕಪಕ್ಕದ ತೋಟದವರಿಗೂ ಮಾಡಿಕೊಟ್ಟೆ. ಒಳಗೆ ಮೈಕ್ರೋಕಂಟ್ರೋಲರ್, ಸಣ್ಣ ಎಲ್‌ಸಿಡಿ ಪರದೆ, ಮೂರು ಪೆನ್ಸಿಲ್ ಸೆಲ್.

ಲಿಥಿಯಂ ಬ್ಯಾಟರಿ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಆಗ ಚಾರ್ಜರ್ ಇಟ್ಟುಕೊಂಡು ಏನು ಮಾಡುವುದು? ಪೆನ್ಸಿಲ್ ಸೆಲ್ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ.

ಈ ಪೆಟ್ಟಿಗೆಯಲ್ಲಿ ಉಳಿದದ್ದೆಲ್ಲ ಕುಡಿಯುವುದು ಕೆಲವೇ ಮಿಲಿಆಂಪ್. ಪರದೆಯ ಹಿಂದಿನ ನಾಲ್ಕು ಬಿಳಿ ಎಲ್‌ಇಡಿಗಳಿಗೆ ಮಾತ್ರ ತಲಾ 15, ಒಟ್ಟು 60. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದದ್ದು, ಅಲ್ವಾ? ಕೆಂಪು ಎಲ್‌ಇಡಿಯ ಹಾಗೆ 2 ವೋಲ್ಟಿಗೆ ಹೊತ್ತಿಕೊಳ್ಳುವುದಿಲ್ಲ. ನನ್ನವಕ್ಕೆ 3.1 ವೋಲ್ಟ್ ಬೇಕು. ಮೂರು ಆಲ್ಕಲೈನ್ ಸೆಲ್ ಹೊಸದರಲ್ಲಿ 4.5 ವೋಲ್ಟ್, ಪೂರ್ತಿ ಹಿಂಡಿದಾಗ 2.7. ಈ 3.1 ಅನ್ನುವುದು ಸರಿಯಾಗಿ ಅವೆರಡರ ನಡುವೆ ಬಂದು ಕೂರುತ್ತದೆ. ತಕರಾರೆಲ್ಲ ಹುಟ್ಟುವುದು ಇಲ್ಲೇ.

ಮೊದಲು ರೆಸಿಸ್ಟರ್. ಪ್ರತಿ ಎಲ್‌ಇಡಿಗೆ 100 ಓಮ್‌ನದ್ದು ಒಂದೊಂದು. ನಾಲ್ಕಕ್ಕೂ ಸೇರಿಸಿ ಒಂದೇ ಹಾಕಿದರೆ, ಯಾವ ಎಲ್‌ಇಡಿಗೆ ವೋಲ್ಟೇಜ್ ಕಮ್ಮಿ ಸಾಕೋ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ಪರದೆಯ ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮಂಕು. ಖರ್ಚು ನಾಲ್ಕೈದು ರೂಪಾಯಿ. ರೆಸಿಸ್ಟರ್ ಅಂದರೆ ಬರೀ ಪೋಲು ಅನ್ನುವ ಮಾತು ಪೂರ್ತಿ ನಿಜವಲ್ಲ. ಸೆಲ್ 4.5 ವೋಲ್ಟ್ ಇದ್ದಾಗ 100ರಲ್ಲಿ 69 ಪಾಲು ಎಲ್‌ಇಡಿಗೇ ಹೋಗುತ್ತದೆ, 3.6ಕ್ಕೆ ಇಳಿದಾಗ 80ಕ್ಕಿಂತ ಮೇಲೆ. ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಆ ಹೊತ್ತಿಗೆ ಬೆಳಕೇ ಇರುವುದಿಲ್ಲ! 14 ಮಿಲಿಆಂಪ್ ಇದ್ದದ್ದು ಐದಾರಕ್ಕೆ ಬಂದಿರುತ್ತದೆ. ಸೆಲ್ ಮುಗಿಯಿತು ಅಂತ ಜನ ಬಿಚ್ಚಿ ಇಡುತ್ತಾರೆ. ಅದೇ ಸೆಲ್ ಗೋಡೆ ಗಡಿಯಾರಕ್ಕೆ ಹಾಕಿದರೆ ಇನ್ನೂ ತಿಂಗಳುಗಟ್ಟಲೆ ಓಡುತ್ತದೆ. ಪೋಲು ಅಂದರೆ ಇದು.

ಚಾರ್ಜ್ ಪಂಪ್ ಬಗ್ಗೆ ನನಗೆ ಆಸೆ ಹುಟ್ಟಿದ್ದು ಕಾಯಿಲ್ ಬೇಡ ಅನ್ನುವ ಕಾರಣಕ್ಕೆ. ಒಂದೆರಡು ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಆಯಿತು, ದಪ್ಪ ಇಲ್ಲ, ಗಲಾಟೆ ಇಲ್ಲ. ಬೆಂಗಳೂರಿಗೆ ಹೋದವರೊಬ್ಬರ ಕೈಯಲ್ಲಿ ಎಸ್.ಪಿ. ರೋಡಿನಿಂದ ತರಿಸಿದೆ. ಚಿಪ್ 3 ಮಿಲಿಮೀಟರ್ ಚದರ, ಕಾಲುಗಳು ಹೊರಗೆ ಕಾಣುವುದೇ ಇಲ್ಲ. ಮಾಮೂಲಿ ಸೋಲ್ಡರಿಂಗ್ ಐರನ್‌ನಲ್ಲಿ ಆಗದ ಕೆಲಸ, ಬಿಸಿಗಾಳಿ ಗನ್ ಬೇಕು. ಗನ್ ತಂದೆ. ಅಲ್ಲಿಗೆ ಬಜೆಟ್ ಹರಿದುಹೋಯಿತು.

ಸೆಲ್ ಹೊಸದಾಗಿದ್ದಾಗ ಇದು ಬಂಗಾರ. 1 ಪಟ್ಟಿನಲ್ಲಿ ಓಡುತ್ತದೆ, ಅಂದರೆ ಸೆಲ್ಲಿನ ವೋಲ್ಟೇಜನ್ನು ಏರಿಸದೆ ನೇರ ದಾಟಿಸುತ್ತದೆ. ರೆಸಿಸ್ಟರಿನಷ್ಟೇ 60 ಮಿಲಿಆಂಪ್ ಚಿಲ್ಲರೆ ಖರ್ಚು, ಬೆಳಕು ಮಾತ್ರ ಒಂದೇ ಸಮ. ಸೆಲ್ 3.4 ವೋಲ್ಟ್ ಹತ್ತಿರ ಬಂದಾಗ 1.5 ಪಟ್ಟಿಗೆ ಏರುತ್ತದೆ. ಆಗ ಒಳಗೆ ಎಳೆಯುವ ಕರೆಂಟೂ ಒಂದೂವರೆ ಪಟ್ಟು, 90 ಮಿಲಿಆಂಪ್. ಕೊಟ್ಟದ್ದರಲ್ಲಿ ಎಲ್‌ಇಡಿಗೆ ಸೇರುವುದು 100ಕ್ಕೆ 61 ಪಾಲು. ಮೊದಲೇ ಸುಸ್ತಾದ ಸೆಲ್, ಅದರ ಮೇಲೆ ಇನ್ನಷ್ಟು ಹೊರೆ. ಹೊರೆ ಬಿದ್ದಾಗ ಸೆಲ್ ಇನ್ನೂ ಕುಸಿಯುತ್ತದೆ. ನಾನು ತರಿಸಿದ ಚಿಪ್ ಒಮ್ಮೆ 1.5ಕ್ಕೆ ಹತ್ತಿದರೆ ಆರಿಸಿ ಮತ್ತೆ ಹಚ್ಚುವ ತನಕ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಒಂದು ಕ್ಷಣ ಕುಸಿದು ಸೆಲ್ ಮತ್ತೆ ಚೇತರಿಸಿಕೊಂಡರೂ ಅಷ್ಟೇ, 90 ಮಿಲಿಆಂಪ್ ಎಳೆಯುತ್ತಲೇ ಕೂತಿರುತ್ತದೆ. 3.4 ವೋಲ್ಟ್ ಬೇಡುವ ಎಲ್‌ಇಡಿ ಹಾಕಿದ್ದರೆ ಇದೆಲ್ಲ ಇನ್ನೂ ಬೇಗ ಶುರುವಾಗುತ್ತದೆ.

ಈಗ ಬೂಸ್ಟ್. ನಾಲ್ಕು ಎಲ್‌ಇಡಿಯನ್ನು ಸಾಲಾಗಿ ಪೋಣಿಸಿದರೆ 12.4 ವೋಲ್ಟ್. ಒಂದೇ ಕರೆಂಟ್ ಎಲ್ಲದರಲ್ಲೂ ಹರಿಯುವುದರಿಂದ ಮೂಲೆ ಮಂಕು ಅನ್ನುವ ರಗಳೆಯೇ ಇಲ್ಲ. ಸಿಗುವ ಬೋರ್ಡು ವೋಲ್ಟೇಜ್ ಕೊಡುವಂಥದ್ದು, ಎಲ್‌ಇಡಿಗೆ ಬೇಕಾದದ್ದು ಕರೆಂಟ್. ಅದಕ್ಕೆ ಬೋರ್ಡಿನ ಪ್ರಿಸೆಟ್ (ತಿರುಗಿಸಿ ವೋಲ್ಟೇಜ್ ಹೊಂದಿಸುವ ರೆಸಿಸ್ಟರ್) ಕಿತ್ತು, ಎಲ್‌ಇಡಿ ಸಾಲಿನ ತುದಿಯನ್ನು ಚಿಪ್ಪಿನ ಫೀಡ್‌ಬ್ಯಾಕ್ ಕಾಲಿಗೆ (ಔಟ್‌ಪುಟ್ ಎಷ್ಟಿದೆ ಅಂತ ಚಿಪ್ ನೋಡಿಕೊಳ್ಳುವ ಕಾಲು) ಸೇರಿಸಿ, ಅಲ್ಲಿಂದ ಗ್ರೌಂಡಿಗೆ 39 ಓಮ್ ಹಾಕಿದೆ. ಚಿಪ್ ಆ ಕಾಲಿನಲ್ಲಿ 0.6 ವೋಲ್ಟ್ ನಿಲ್ಲಿಸುತ್ತದೆ, 15 ಮಿಲಿಆಂಪ್ ತಾನಾಗಿ ಬಂತು. 100ಕ್ಕೆ 80 ಪಾಲು ದಕ್ಕುತ್ತದೆ ಅಂತ ಇಟ್ಟುಕೊಂಡರೆ, ಸೆಲ್ 4.5 ಇದ್ದಾಗ 52 ಮಿಲಿಆಂಪ್, 3.4ರಲ್ಲಿ 68, 3.0ರಲ್ಲಿ 78. ಮೀಟರ್ ತೋರಿಸಿದ್ದೂ ಹೆಚ್ಚುಕಮ್ಮಿ ಇಷ್ಟೇ. 3.9ರ ಸುತ್ತ ಎಲ್‌ಇಡಿಗೆ ದಕ್ಕುವ ಪಾಲಿನಲ್ಲಿ ಮೂರೂ ಸಮಸಮ. ವ್ಯತ್ಯಾಸ ಕಾಣುವುದು ಸೆಲ್ಲಿನ ಕೊನೆಗಾಲದಲ್ಲಿ. ಅಲ್ಲಿ ರೆಸಿಸ್ಟರ್ ಕೈಬಿಡುತ್ತದೆ, ಪಂಪ್ ದುಬಾರಿಯಾಗುತ್ತದೆ, ಬೂಸ್ಟ್ ಮಾತ್ರ 2.7ರ ತನಕವೂ ಅದೇ ಬೆಳಕು ಕೊಡುತ್ತದೆ.

ಇಷ್ಟು ಹೊಗಳಿದ ಮೇಲೆ ಅದರ ಕಿರಿಕಿರಿಯನ್ನೂ ಹೇಳಬೇಕು. ಅದು ಕೂಗುತ್ತದೆ.

ಪೂರ್ತಿ ಬೆಳಕಿನಲ್ಲಿ ಸದ್ದಿಲ್ಲ. ರಾತ್ರಿಗೆ ಬೆಳಕು ತಗ್ಗಿಸಿದಾಗ ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ ಕುಂಯ್ ಅಂತ ಒಂದು ರಾಗ. ಹೊರಗೆ ಜೀರುಂಡೆ ಎಷ್ಟೇ ಕಿರುಚಿದರೂ ಇದು ಬೇರೆಯಾಗಿ ಕೇಳುತ್ತದೆ. "ಆ ಪೆಟ್ಟಿಗೆ ಆಚೆ ಇಡು ಮಾರಾಯ, ತಲೆ ಸಿಡೀತದೆ" ಅಂತ ಅಮ್ಮನ ಬೈಗುಳ ಬೇರೆ. ಮೊದಲು ಕಾಯಿಲ್ ಮೇಲೆ ಅನುಮಾನ ಬಂತು. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೊಂದೇ ಭಾಗ ಒತ್ತುತ್ತಾ ಹೋದೆ. ಕಾಯಿಲ್ ಒತ್ತಿದರೆ ಏನೂ ಆಗಲಿಲ್ಲ. ಔಟ್‌ಪುಟ್ ಕಡೆಯ ಕಂದು ಬಣ್ಣದ ಸೆರಾಮಿಕ್ ಕೆಪಾಸಿಟರ್ ಮೇಲೆ ಒತ್ತಿದಾಗ ರಾಗ ಥಟ್ಟನೆ ಇಳಿಯಿತು, ಬಿಟ್ಟಾಗ ಮತ್ತೆ ಏರಿತು.

ಕಾರಣ ಇಷ್ಟು. ಬೆಳಕು ತಗ್ಗಿಸಲು ನಾನು ಚಿಪ್ಪನ್ನು ಆನ್-ಆಫ್ ಮಾಡುವ ಎನೇಬಲ್ ಕಾಲಿಗೆ ಪಿಡಬ್ಲ್ಯೂಎಂ, ಅಂದರೆ ಬೇಗಬೇಗ ಆನ್-ಆಫ್ ಆಗುವ ಸಿಗ್ನಲ್, ಕೊಡುತ್ತಿದ್ದೆ. ಆರ್ಡುಯಿನೊ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಅದು ಮಾಮೂಲಿಯಾಗಿ ಸೆಕೆಂಡಿಗೆ 490 ಸಲ. ಚಿಪ್ ಆಫ್ ಆದಾಗಲೆಲ್ಲ ಆ ಕೆಪಾಸಿಟರ್ 13 ವೋಲ್ಟಿನಿಂದ ಕೆಳಗೆ ಇಳಿದು ಮತ್ತೆ ತುಂಬಿಕೊಳ್ಳುತ್ತದೆ. ಈ ಜಾತಿಯ ಸೆರಾಮಿಕ್‌ಗೆ ವೋಲ್ಟೇಜ್ ಬದಲಾದರೆ ಮೈ ಕೂದಲೆಳೆಯಷ್ಟೂ ಅಲ್ಲದ ಅಳತೆಯಲ್ಲಿ ಹಿಗ್ಗಿ ಕುಗ್ಗುವ ಗುಣ ಇದೆ. ಅದು ಬೋರ್ಡನ್ನೂ ಎಳೆದಾಡುತ್ತದೆ, ಬೋರ್ಡೇ ಸ್ಪೀಕರ್ ಆಗುತ್ತದೆ. 490 ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸ್ವರ.

ಸರಿ, ಕಿವಿಗೆ ಕೇಳದಂತೆ 20 ಕಿಲೋಹರ್ಟ್ಸ್ ಮೇಲೆ ಕೊಟ್ಟರಾಯಿತಲ್ಲ? ಆಗಲಿಲ್ಲ. ಎಬ್ಬಿಸಿದಾಗಲೆಲ್ಲ ಚಿಪ್ ಬೇಕೆಂದೇ ನಿಧಾನಕ್ಕೆ ಏಳುತ್ತದೆ. ಅದು ಏಳುವಷ್ಟರಲ್ಲಿ ಮತ್ತೆ ಆಫ್. ಪರದೆ ಕತ್ತಲು. ಸೆರಾಮಿಕ್ ತೆಗೆದು ಎಲೆಕ್ಟ್ರೋಲೈಟಿಕ್ ಹಾಕಿದೆ. ಸದ್ದು ತಗ್ಗಿತು, ನಿಲ್ಲಲಿಲ್ಲ, ಏಕೆಂದರೆ ಇನ್‌ಪುಟ್ ಕಡೆಯೂ ಒಂದು ಸೆರಾಮಿಕ್ ಇದೆ.

ಕೊನೆಗೆ ಉಳಿದ ದಾರಿ: ಎನೇಬಲ್ ಕಾಲನ್ನು ಬರೀ ಆನ್-ಆಫ್‌ಗೆ ಬಿಟ್ಟು, ಪಿಡಬ್ಲ್ಯೂಎಂ ಅನ್ನು ರೆಸಿಸ್ಟರ್-ಕೆಪಾಸಿಟರ್ ಮೂಲಕ ನಯ ಮಾಡಿ ಫೀಡ್‌ಬ್ಯಾಕ್ ಕಾಲಿಗೆ ಸ್ವಲ್ಪವೇ ಬೆರೆಸುವುದು. ಚಿಪ್‌ಗೆ ಕರೆಂಟ್ ಜಾಸ್ತಿಯಾಯಿತು ಅನ್ನಿಸುತ್ತದೆ, ತಾನೇ ತಗ್ಗಿಸುತ್ತದೆ. ಇಲ್ಲಿ ಎಲ್ಲ ಉಲ್ಟಾ, ಪಿಡಬ್ಲ್ಯೂಎಂ ಏರಿಸಿದಷ್ಟೂ ಬೆಳಕು ಇಳಿಯುತ್ತದೆ. ಸೆಲ್ ಇಳಿದಂತೆ ಪಿಡಬ್ಲ್ಯೂಎಂನ ಎತ್ತರವೂ ಇಳಿಯುವುದರಿಂದ ಮಬ್ಬು ಬೆಳಕು ತುಸು ಏರುತ್ತದೆ. ಬಿಳಿ ಬಣ್ಣದ ಛಾಯೆಯೂ ಚೂರು ಬದಲಾಗುತ್ತದೆ. ಫೋಟೋ ನೋಡುವವರಿಗೆ ಅದು ತಕರಾರು ಇರಬಹುದು, ಮಳೆ ಸೆಂಟು ಓದಲು ಏನಾಗಬೇಕು? ಕೂಗು ಪೂರ್ತಿ ನಿಂತಿತು. ಒಂದು ಎಚ್ಚರಿಕೆ: ಸಿದ್ಧ ಬೋರ್ಡುಗಳಲ್ಲಿ ಎನೇಬಲ್ ಕಾಲನ್ನು ಇನ್‌ಪುಟ್‌ಗೇ ಜೋಡಿಸಿಟ್ಟಿರುತ್ತಾರೆ, ಬ್ಲೇಡಿನಿಂದ ಆ ಗೆರೆ ಕತ್ತರಿಸಬೇಕು.

ಇನ್ನೆರಡು ಸಣ್ಣ ಮಾತು. ಎಲ್‌ಇಡಿ ವೈರ್ ಬಿಟ್ಟುಹೋದರೆ ಬೂಸ್ಟ್ ವೋಲ್ಟೇಜ್ ಏರಿಸುತ್ತಲೇ ಹೋಗಿ ತನ್ನನ್ನೇ ಸುಟ್ಟುಕೊಳ್ಳುತ್ತದೆ. ನಮ್ಮ ಶೀತಕ್ಕೆ ಕನೆಕ್ಟರ್ ಹಸಿರು ಹಿಡಿಯುವುದು ಗೊತ್ತೇ ಇದೆಯಲ್ಲ, ಎಲ್‌ಇಡಿ ಸಾಲಿಗೆ ಅಡ್ಡಲಾಗಿ 18 ವೋಲ್ಟಿನ ಜೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಡಯೋಡ್) ಹಾಕಿಬಿಡಿ. ಮತ್ತೆ, 1.2 ಮೆಗಾಹರ್ಟ್ಸ್‌ನಲ್ಲಿ ಓಡುವ ಬೋರ್ಡು ಮೀಡಿಯಂ ವೇವ್ ರೇಡಿಯೊ ಪಕ್ಕದಲ್ಲಿ ಇದ್ದರೆ ಗರಗರ ಬರುತ್ತದೆ. ಮಡಿಕೇರಿ ಎಫ್‌ಎಂಗೆ ನನ್ನ ಮನೆಯಲ್ಲಿ ಏನೂ ತೊಂದರೆ ಕಾಣಲಿಲ್ಲ.

ಬೋರ್ಡು ನೂರು ರೂಪಾಯಿ ಒಳಗೆ ಬರುತ್ತದೆ, ಕಾಲುಗಳು ಕಣ್ಣಿಗೆ ಕಾಣುತ್ತವೆ, ಮಾಮೂಲಿ ಐರನ್ ಸಾಕು. ಹೀಗೆ ಪೆನ್ಸಿಲ್ ಸೆಲ್ ಹಾಕಿಕೊಂಡು ಓಡಿಸುವವರಿಗೆ ಬೂಸ್ಟ್ ಬಿಟ್ಟರೆ ಬೇರೆ ಹೇಳಲಾರೆ. ಎರಡೇ ಸೆಲ್ಲಿನ ಪೆಟ್ಟಿಗೆಯಾದರೆ ರೆಸಿಸ್ಟರ್ ಮಾತೇ ಇಲ್ಲ, 3 ವೋಲ್ಟಿನಲ್ಲಿ ಎಲ್‌ಇಡಿ ಸರಿಯಾಗಿ ಕಣ್ಣೇ ಬಿಡುವುದಿಲ್ಲ. ಮನೆಯಲ್ಲಿ ಸೋಲಾರ್ ಇದ್ದು, ಲಿಥಿಯಂ ಸೆಲ್ ದಿನಾ ಚಾರ್ಜ್ ಮಾಡುವವರು ಸುಮ್ನೆ ರೆಸಿಸ್ಟರ್ ಹಾಕಿಕೊಳ್ಳಿ. ಆ ಸೆಲ್ ಬಹುಪಾಲು ಹೊತ್ತು 3.6ರ ಮೇಲೆಯೇ ಇರುತ್ತದೆ, ದಿನಾ ಚಾರ್ಜ್ ಆಗುವಾಗ ಮಂಕಾಗುವ ತನಕ ಹೋಗುವುದೂ ಅಪರೂಪ. ಚಾರ್ಜ್ ಪಂಪ್ ತೆಳ್ಳನೆಯ ಫೋನಿನಂಥದ್ದಕ್ಕೆ ಸರಿ ಇರಬಹುದು. ನನ್ನ ಹತ್ತಿರ ಆ ಚಿಪ್ ಇನ್ನೂ ಕೆಲವು ಉಳಿದಿವೆ, ಬೇಕಾದವರು ಸುಂಟಿಕೊಪ್ಪ ಕಡೆ ಬಂದಾಗ ತೆಗೆದುಕೊಂಡು ಹೋಗಿ. ಬಿಸಿಗಾಳಿ ಗನ್ ಮಾತ್ರ ಕೊಡುವುದಿಲ್ಲ, ಪೈಪಿನ ಜಾಯಿಂಟ್ ಬಿಸಿ ಮಾಡಲು ಬೇಕು.