‘ಫುಲ್ ಸರ್ವಿಸ್’ ಬಿಲ್ ನಂಬಿ ಹಳೇ ಟ್ಯೂಬ್ ಆಂಪ್ ಕೊಡಬೇಡಿ

ಬೆಂಗಳೂರಿನಲ್ಲಿ ಹಳೇ ಟ್ಯೂಬ್ ಆಂಪ್ ಇಟ್ಟುಕೊಂಡಿರುವ ಗಿಟಾರ್ ವಾದಕರು ಸರ್ವಿಸ್‌ಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ. 1960ರ ದಶಕದ ಕೊನೆಯ ಒಂದು ಫೆಂಡರ್ ಟ್ವಿನ್ ರಿವರ್ಬ್, ನಗರದ ಒಂದು ರಿಪೇರಿ ಅಂಗಡಿಯಿಂದ ‘ಫುಲ್ ಸರ್ವಿಸ್, ಫುಲ್ ರೀಕ್ಯಾಪ್’ (ರೀಕ್ಯಾಪ್ ಅಂದರೆ ಹಳೇ ಕೆಪಾಸಿಟರ್ ತೆಗೆದು ಹೊಸದು ಹಾಕುವುದು) ಎಂಬ ಒಂದೇ ಸಾಲಿನ ಬಿಲ್ ಜೊತೆ ವಾಪಸ್ ಬಂತು. ಕೆಲವೇ ವಾರಗಳಲ್ಲಿ ಅದರ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅಂಗಡಿಯ ಹೆಸರು ಇಲ್ಲಿ ಬೇಡ. ಹೀಗೆ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ಚಾಸಿ ಬಿಚ್ಚಿ ನೋಡಿದರೆ, ಮುಟ್ಟಬಾರದ್ದನ್ನೆಲ್ಲ ಬದಲಾಯಿಸಿದ್ದರು, ಬದಲಾಯಿಸಲೇಬೇಕಾದ್ದನ್ನು ಮುಟ್ಟಿಯೇ ಇರಲಿಲ್ಲ.

ಟ್ವಿನ್‌ನ ಮುಖ್ಯ ಫಿಲ್ಟರ್ ಕೆಪಾಸಿಟರ್‌ಗಳು (ಹೈ ವೋಲ್ಟೇಜ್ ಡಿಸಿಯನ್ನು ಏರಿಳಿತವಿಲ್ಲದೆ ಇಡುವವು) ಒಳಗಿನ ಬೋರ್ಡ್ ಮೇಲಿರುವುದಿಲ್ಲ. ಚಾಸಿಯ ಇನ್ನೊಂದು ಬದಿಯಲ್ಲಿ, ವಾಲ್ವ್‌ಗಳು, ಅಂದರೆ ಟ್ಯೂಬ್‌ಗಳು, ಕೂತಿರುವ ಕಡೆ, ಒಂದು ತಗಡಿನ ಮುಚ್ಚಳದ ಅಡಿ ಅವಿತಿರುತ್ತವೆ. ಆ ಮುಚ್ಚಳದ ಸ್ಕ್ರೂಗಳ ಸೀಳಿನಲ್ಲಿ ಹಳೇ ಧೂಳು ಗಟ್ಟಿಯಾಗಿ ಹಾಗೇ ಕೂತಿತ್ತು. ಸ್ಕ್ರೂಡ್ರೈವರ್ ತುದಿ ತಾಗಿದ ಗುರುತೇ ಇಲ್ಲ. ಒಳಗೆ ಐದೂ ಕೆಪಾಸಿಟರ್ ಫ್ಯಾಕ್ಟರಿಯಲ್ಲಿ ಹಾಕಿದವೇ: ಸೀರೀಸ್‌ನಲ್ಲಿ 70 ಮೈಕ್ರೋಫ್ಯಾರಡ್ 350 ವೋಲ್ಟ್‌ನ ಎರಡು, ಆಮೇಲೆ 20 ಮೈಕ್ರೋಫ್ಯಾರಡ್‌ನ ಮೂರು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಇಪ್ಪತ್ತು ವರ್ಷ ಅಂದರೆ ಒಳ್ಳೆಯ ಆಯುಸ್ಸು. ಇವುಗಳಿಗೆ ಐವತ್ತು ದಾಟಿತ್ತು.

ಸುಟ್ಟದ್ದು ಹೇಗೆಂದರೆ, ಆ ಎರಡು 350 ವೋಲ್ಟ್ ಕೆಪಾಸಿಟರ್‌ಗಳು ಸುಮಾರು 460 ವೋಲ್ಟನ್ನು ಅರ್ಧರ್ಧ ಹಂಚಿಕೊಳ್ಳಬೇಕು. ಸಮವಾಗಿ ಹಂಚಲೆಂದೇ ಪ್ರತಿಯೊಂದರ ಮೇಲೂ 220 ಕಿಲೋ ಓಮ್‌ನ ರೆಸಿಸ್ಟರ್ ಇದೆ. ಒಂದು ಕೆಪಾಸಿಟರ್ ಶಾರ್ಟ್ ಆದ ತಕ್ಷಣ ಇನ್ನೊಂದರ ಮೇಲೆ ಪೂರ್ತಿ 460 ಬೀಳುತ್ತದೆ, ಅದೂ ಹೋಗುತ್ತದೆ. ಆಗ ಹೈ ವೋಲ್ಟೇಜ್ ವೈಂಡಿಂಗ್ ನೇರ ಶಾರ್ಟ್. ಆ ಹೊತ್ತಿಗೆ ಫ್ಯೂಸ್ ಹಾರಬೇಕಿತ್ತು, ಹಾರಲಿಲ್ಲ. ಹೋಲ್ಡರ್‌ನಲ್ಲಿ 10 ಆಂಪಿಯರ್ ಫ್ಯೂಸ್ ತುರುಕಿದ್ದರು. ಎಷ್ಟರ ಫ್ಯೂಸ್ ಎಂದು ಹಿಂದಿನ ಪ್ಯಾನೆಲ್ ಮೇಲೆ ಅಚ್ಚು ಹಾಕಿರುವುದು ಅಲಂಕಾರಕ್ಕಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕುವವನ ಕೈಗೆ ಆಂಪ್ ಕೊಡಲೇಬೇಡಿ.

ಹಾಗಾದರೆ ‘ರೀಕ್ಯಾಪ್’ ಎಂದು ಬದಲಾಯಿಸಿದ್ದು ಏನನ್ನು? ಬೋರ್ಡ್ ಮೇಲಿನ ನೀಲಿ ಬಣ್ಣದ ಕಪ್ಲಿಂಗ್ ಕೆಪಾಸಿಟರ್‌ಗಳನ್ನು, ಅಂದರೆ ಡಿಸಿ ತಡೆದು ಸಿಗ್ನಲ್ ಮಾತ್ರ ಮುಂದಿನ ವಾಲ್ವ್‌ಗೆ ದಾಟಿಸುವವನ್ನು. ಇವು ಎಲೆಕ್ಟ್ರೋಲಿಟಿಕ್ ಅಲ್ಲ, ಒಣಗುವುದಿಲ್ಲ, ಕೆಡುವುದೂ ಅಪರೂಪ. ಹಳೇ ಮಾರ್ಷಲ್‌ಗಳ ಸಾಸಿವೆ ಬಣ್ಣದವೂ ಹಾಗೇ. ಬಿಚ್ಚಿದ ಇವಕ್ಕೆ ಹೊರಗೆ ಒಳ್ಳೇ ಬೆಲೆ ಇದೆ ಅನ್ನುವುದನ್ನು ಮರೆಯಬೇಡಿ. ಕೆಟ್ಟಿದೆಯೋ ಇಲ್ಲವೋ ನೋಡಲು ರಿಪೇರಿಯವರಿಗೆ ಸುಲಭ ಪರೀಕ್ಷೆ ಇದೆ. ಪವರ್ ವಾಲ್ವ್‌ಗಳನ್ನು ಕಿತ್ತು, ಆಂಪ್ ಆನ್ ಮಾಡಿ, ಅವುಗಳ ಗ್ರಿಡ್ ಪಿನ್‌ಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಬೇಕು. ಎಲ್ಲದರಲ್ಲೂ ಒಂದೇ ಸಮ ಮೈನಸ್ ಬಯಾಸ್ (ವಾಲ್ವ್ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್) ಬಂದರೆ ಕಪ್ಲಿಂಗ್ ಸರಿಯಿದೆ. ಒಂದು ಬದಿ ಮಾತ್ರ ಪಾಸಿಟಿವ್ ಕಡೆ ವಾಲಿದರೆ ಆ ಬದಿಯ ಕೆಪಾಸಿಟರ್ ಲೀಕ್. ಅದನ್ನಷ್ಟೇ ಬದಲಾಯಿಸಿದರೆ ಸಾಕು, ಊರೆಲ್ಲ ಕೀಳಬೇಕಾಗಿಲ್ಲ.

ಬಯಾಸ್ ‘ಸೆಟ್ ಮಾಡಿದ್ದೇವೆ’ ಎಂದೂ ಹೇಳಿ ಕಳಿಸಿದ್ದರು. 1968ರಿಂದಾಚೆಯ ಎಷ್ಟೋ ಸಿಲ್ವರ್‌ಫೇಸ್ (ಬೆಳ್ಳಿ ಬಣ್ಣದ ಮುಂಪ್ಯಾನೆಲ್‌ನ) ಟ್ವಿನ್‌ಗಳಲ್ಲಿ ಇರುವುದು ಬಯಾಸ್ ಬ್ಯಾಲೆನ್ಸ್ ಪಾಟ್, ಅಂದರೆ ತಿರುಗಿಸಿ ಹೊಂದಿಸುವ ರೆಸಿಸ್ಟರ್. ಅದನ್ನು ತಿರುಗಿಸಿದರೆ ಎರಡು ಬದಿಯ ವಾಲ್ವ್‌ಗಳು ಒಂದಕ್ಕೊಂದು ಸಮ ಆಗುತ್ತವೆಯೇ ಹೊರತು ಒಟ್ಟು ಕರೆಂಟ್ ಬೇಕಾದ ಮಟ್ಟಕ್ಕೆ ಬರುವುದಿಲ್ಲ. ಮಟ್ಟ ಹೊಂದಿಸಬೇಕಾದರೆ ಬಯಾಸ್ ಸರ್ಕ್ಯೂಟಿನ ರೆಸಿಸ್ಟರ್ ಬದಲಾಯಿಸಬೇಕು, ಇಲ್ಲವೇ ಆ ಪಾಟನ್ನು ಅದಕ್ಕೂ ಹಿಂದಿನ ಬ್ಲ್ಯಾಕ್‌ಫೇಸ್ (ಕಪ್ಪು ಪ್ಯಾನೆಲ್) ಆಂಪ್‌ಗಳ ರೀತಿಗೆ ವೈರ್ ಮಾಡಬೇಕು. ಲೆಕ್ಕ ಕಷ್ಟದ್ದಲ್ಲ. ಟ್ವಿನ್‌ನ ಪವರ್ ವಾಲ್ವ್ 6ಎಲ್6ಜಿಸಿಯ ಪ್ಲೇಟ್ ಮಿತಿ 30 ವ್ಯಾಟ್, ಅದರ ಶೇ 70 ಅಂದರೆ 21. ಪ್ಲೇಟಿನಲ್ಲಿ 460 ವೋಲ್ಟ್ ಇದ್ದರೆ ವಾಲ್ವ್ ಒಂದಕ್ಕೆ 45 ಮಿಲಿಆಂಪಿಯರ್ ಮೇಲಿನ ಗೆರೆ. ಟ್ವಿನ್‌ಗೆ 35ರ ಸುತ್ತ ಇಟ್ಟರೆ ಸಾಕು, ಸ್ವರವೂ ಚೆನ್ನ, ವಾಲ್ವೂ ಬಾಳುತ್ತದೆ. ಕ್ಯಾಥೋಡ್‌ನಿಂದ ಚಾಸಿಗೆ 1 ಓಮ್ ರೆಸಿಸ್ಟರ್ ಹಾಕಿಸಿದರೆ ಮೀಟರ್‌ನಲ್ಲಿ ಕಾಣುವ ಒಂದು ಮಿಲಿವೋಲ್ಟೇ ಒಂದು ಮಿಲಿಆಂಪಿಯರ್.

ಇನ್ನು ಜೀವಕ್ಕೇ ಕುತ್ತು ತರುವ ಸಂಗತಿ. ಮೇನ್ಸ್‌ನ ಒಂದು ತಂತಿಯಿಂದ ಚಾಸಿಗೆ 0.047 ಮೈಕ್ರೋಫ್ಯಾರಡ್ 600 ವೋಲ್ಟ್‌ನ ಕೆಪಾಸಿಟರ್ ಒಂದು ಇರುತ್ತದೆ. ಹಿಂದಿನ ಗ್ರೌಂಡ್ ಸ್ವಿಚ್ ಅದಕ್ಕೇ ಸೇರಿದ್ದು. ಡೆತ್ ಕ್ಯಾಪ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅದು ಶಾರ್ಟ್ ಆದರೆ ಚಾಸಿಗೆ, ಅಲ್ಲಿಂದ ಗಿಟಾರ್ ತಂತಿಗೆ, ನೇರ ಮೇನ್ಸ್ ಬರುತ್ತದೆ. ಇನ್ನೊಂದು ಕೈಯೋ ತುಟಿಯೋ ಅರ್ಥ್ ಆಗಿರುವ ಮೈಕ್‌ಗೆ ತಾಗಿದರೆ ಮುಗಿಯಿತು. ಈ ಆಂಪ್‌ಗೆ ಹೊಸ ಮೂರು ಪಿನ್ ಕಾರ್ಡ್ ಹಾಕಿ, ಡೆತ್ ಕ್ಯಾಪನ್ನು ಹಾಗೇ ಬಿಟ್ಟಿದ್ದರು. ಕತ್ತರಿಸಿ ತೆಗೆಯುವುದು ಎರಡು ನಿಮಿಷದ ಕೆಲಸ. ಫೇಸ್ ಮೊದಲು ಫ್ಯೂಸ್‌ಗೆ, ಆಮೇಲೆ ಸ್ವಿಚ್‌ಗೆ ಹೋಗಬೇಕು. ಅರ್ಥ್ ತಂತಿಗೆ ಅದರದ್ದೇ ಬೋಲ್ಟ್ ಇರಬೇಕು, ಟ್ರಾನ್ಸ್‌ಫಾರ್ಮರ್ ಬೋಲ್ಟಿಗೆ ಸಿಕ್ಕಿಸಬಾರದು.

ಅರ್ಥ್ ವಿಷಯ ಬಂತು, ಅಮೆರಿಕದ ಈ ಆಂಪ್‌ಗೆ ನಮ್ಮ 230 ವೋಲ್ಟನ್ನು ಇಳಿಸಿಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ನೋಡಿ. ಅಗ್ಗದವುಗಳಲ್ಲಿ ಔಟ್‌ಪುಟ್ ಸಾಕೆಟ್ಟಿಗೆ ಅರ್ಥ್ ಸಂಪರ್ಕವೇ ಇರುವುದಿಲ್ಲ. ಅಂಥದ್ದಕ್ಕೆ ಮೂರು ಪಿನ್ ಚುಚ್ಚಿ ಏನು ಬಂತು? ಅವು ಬಹುಪಾಲು ಆಟೋ ಟ್ರಾನ್ಸ್‌ಫಾರ್ಮರ್‌ಗಳೇ, ಆಂಪನ್ನು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಟ್ವಿನ್‌ಗೆ ಕನಿಷ್ಠ 500 ವಿಎಯ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅದೂ 230ಕ್ಕೆ 110 ಕೊಡುವಂಥದ್ದು ತೆಗೆದುಕೊಳ್ಳಿ. 120 ಟ್ಯಾಪ್ ಬೇಡ. ಮನೆಯ ಲೈನ್ 245ಕ್ಕೆ ಏರಿದಾಗ 110ರ ಟ್ಯಾಪ್ 117 ಕೊಡುತ್ತದೆ, ಈ ಆಂಪ್‌ಗೆ ಬೇಕಾದದ್ದೇ ಅದು. 120ರ ಟ್ಯಾಪ್ 128 ಕೊಟ್ಟು, 6.3 ವೋಲ್ಟ್ ಇರಬೇಕಾದ ವಾಲ್ವ್ ಹೀಟರ್ 6.9ಕ್ಕೆ ಹೋಗುತ್ತದೆ. 60 ಹರ್ಟ್ಜ್‌ನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೇಗೂ ಸ್ವಲ್ಪ ಹೆಚ್ಚೇ ಬಿಸಿಯಾಗುತ್ತದೆ.

ಸರ್ವಿಸ್‌ಗೆ ಕೊಡಲೇಬೇಕಲ್ಲ, ಹೇಗೆ ಕೊಡುವುದು? ಮೊದಲು ಫೋಟೋ. ಟ್ರಾನ್ಸ್‌ಫಾರ್ಮರ್‌ಗಳ ಮೇಲಿನ 606ರಿಂದ ಶುರುವಾಗುವ ಅಂಕಿ, ಸ್ಪೀಕರ್ ಚೌಕಟ್ಟಿನ ಕೋಡ್ (220 ಅಂದರೆ ಜೆನ್ಸನ್, 465 ಆಕ್ಸ್‌ಫರ್ಡ್), ಪ್ರತಿ ವಾಲ್ವ್‌ನ ಗುರುತು, ಎಲ್ಲ ತೆಗೆದಿಡಿ. ಚಾಸಿಯ ಒಳಗನ್ನು ಅಂಗಡಿಯವರಿಂದಲೇ ನಿಮ್ಮೆದುರಿಗೆ ತೆರೆಸಿ ಫೋಟೋ ತೆಗೆಯಿರಿ. ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅಲ್ಲಿ 400 ವೋಲ್ಟ್ ಕಾದು ಕೂತಿರಬಹುದು. ವಾಲ್ವ್ ‘ಲೋಕಲ್ ಮಾಲು’ ಎಂದು ಕಿತ್ತುಕೊಳ್ಳಲು ಬಂದರೆ ಬ್ರ್ಯಾಂಡ್ ಓದಿ. ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ವಾಲ್ವ್ ಮಾಡುತ್ತಿತ್ತು. ಅದರ ಇಸಿಸಿ83 ಅಂದರೆ 12ಎಎಕ್ಸ್7ನದೇ ಇನ್ನೊಂದು ಹೆಸರು. ಟೆಸ್ಟ್‌ನಲ್ಲಿ ಪಾಸಾದರೆ ಹೊಸದಕ್ಕಿಂತ ಏನೂ ಕಡಿಮೆಯಿಲ್ಲ.

ಬಿಲ್‌ನಲ್ಲಿ ಒಂದು ಸಾಲು ಸಾಲದು. ಹಾಕಿದ ಪ್ರತಿ ಭಾಗದ ಬೆಲೆ, ಅಳತೆ (ಮೈಕ್ರೋಫ್ಯಾರಡ್, ಓಮ್), ವೋಲ್ಟೇಜ್ ಬರೆಸಿ. ಬಿಚ್ಚಿದ್ದೆಲ್ಲ ಒಂದು ಕವರ್‌ನಲ್ಲಿ ವಾಪಸ್ ಬರಬೇಕು. ಮುಗಿದ ಮೇಲಿನ ರೀಡಿಂಗ್ ಕೇಳಿ: ಪ್ಲೇಟ್ ವೋಲ್ಟೇಜ್, ನಾಲ್ಕೂ ವಾಲ್ವ್‌ನ ಕರೆಂಟ್, ಹೀಟರ್, ಆ ಎರಡು ಸೀರೀಸ್ ಕೆಪಾಸಿಟರ್‌ಗಳ ಮೇಲಿನ ವೋಲ್ಟೇಜ್ (ಹೆಚ್ಚುಕಡಿಮೆ 230-230 ಇರಬೇಕು). ಇದನ್ನು ಕೇಳಿ ಮುಖ ಸಿಂಡರಿಸುವವರು ಅಳೆದೇ ಇರುವುದಿಲ್ಲ. ‘ರಿವರ್ಬ್ ಟ್ಯಾಂಕ್ (ಪ್ರತಿಧ್ವನಿ ಕೊಡುವ ಸ್ಪ್ರಿಂಗ್ ಪೆಟ್ಟಿಗೆ) ಹೋಗಿದೆ’ ಅಂದರೂ ಮೀಟರ್ ಇಡಿಸಿ. ಇನ್‌ಪುಟ್‌ನಲ್ಲಿ 1 ಓಮ್ ಆಸುಪಾಸು, ಔಟ್‌ಪುಟ್‌ನಲ್ಲಿ 200ರ ಸುತ್ತ ಬಂದರೆ ಕಾಯಿಲ್ ಚೆನ್ನಾಗಿದೆ, ದೋಷ ಕೇಬಲ್‌ನಲ್ಲಿರಬಹುದು.

ಕೆಪಾಸಿಟರ್ ನೀವೇ ತಂದುಕೊಡುವುದಾದರೆ ಎಸ್‌ಪಿ ರೋಡಿನಲ್ಲಿ ಸಿಗದ್ದೇನೂ ಇಲ್ಲ, ಆದರೆ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಸರಕು, ಹೊಸ ಪ್ಲಾಸ್ಟಿಕ್ ಹೊದಿಸಿದ ಹಳೇ ಸರಕು ಎರಡೂ ಸಿಗುತ್ತವೆ. ಡೇಟ್ ಕೋಡ್ ನೋಡಿ ಕೊಳ್ಳಿ. ಸೀರೀಸ್ ಜೋಡಿಗೆ 100 ಮೈಕ್ರೋಫ್ಯಾರಡ್ 350 ವೋಲ್ಟ್ ಅಥವಾ ಹೆಚ್ಚಿನದು, ಉಳಿದ ಮೂರಕ್ಕೆ 22 ಮೈಕ್ರೋಫ್ಯಾರಡ್ 500 ವೋಲ್ಟ್, ಎಲ್ಲವೂ 105 ಡಿಗ್ರಿಯವು. 450 ವೋಲ್ಟಿನದು ಸಾಕು ಅನ್ನುವವರಿದ್ದಾರೆ. ಸಾಲದು, ವಾಲ್ವ್ ಕಾಯುವ ಮುಂಚೆ ವೋಲ್ಟೇಜ್ ಅದನ್ನೂ ದಾಟಿ ಹೋಗುತ್ತದೆ. ಫೆಂಡರ್‌ನದೇ ಸಣ್ಣ ಆಂಪ್ ಡೀಲಕ್ಸ್ ರಿವರ್ಬ್ ಇರುವವರು ದೊಡ್ಡದು ಒಳ್ಳೆಯದು ಎಂದು ಮೊದಲ ಫಿಲ್ಟರನ್ನು ಬೆಳೆಸಬೇಡಿ, ಅದರ ಜಿಝಡ್34 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ) ವಾಲ್ವ್‌ನ ಮಿತಿ 60 ಮೈಕ್ರೋಫ್ಯಾರಡ್.

ಮೊದಲ ಸಲ ಆನ್ ಮಾಡುವಾಗ ಸ್ಟೆಪ್‌ಡೌನ್‌ನ 230 ವೋಲ್ಟ್ ಕಡೆ 100 ವ್ಯಾಟ್‌ನ ಸೀರೀಸ್ ಬಲ್ಬ್ ಇರಲಿ. ಹಳೇ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ಆಗದು. ಒಮ್ಮೆ ಬೆಳಗಿ ಮಂದವಾದರೆ ಸರಿ, ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಸ್ಪೀಕರ್ ಜೋಡಿಸದೆ ಮಾತ್ರ ಆಂಪ್ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದೀತು.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ, ರೀವೈಂಡ್ ಮಾಡಿಸಬಹುದು. ವೈಂಡರ್‌ಗೆ ಎರಡು ಮಾತು ಬರೆದುಕೊಡಿ: ಬಯಾಸ್‌ಗೆಂದು ಇರುವ ಟ್ಯಾಪ್ ಮರೆಯಬಾರದು, ಪ್ರೈಮರಿಯನ್ನು 50 ಹರ್ಟ್ಜ್‌ಗೆ ಲೆಕ್ಕ ಹಾಕಿ ನೇರ 240 ವೋಲ್ಟ್‌ಗೆ ಸುತ್ತಬೇಕು. ಆಮೇಲೆ ಸ್ಟೆಪ್‌ಡೌನ್ ಬೇಡ, ಆದರೆ ವೋಲ್ಟೇಜ್ ದುಪ್ಪಟ್ಟಾಗಿರುವುದರಿಂದ ಫ್ಯೂಸ್ ರೇಟಿಂಗ್ ಅರ್ಧಕ್ಕೆ ಇಳಿಸಿ, ಪ್ಯಾನೆಲ್ ಮೇಲೆ ‘240 ವೋಲ್ಟ್’ ಎಂದು ಚೀಟಿ ಅಂಟಿಸಿ.