ದುಬೈ ಓಡಾಟಕ್ಕೆ ಯಾವ ಸಿಮ್? ಮೂರನ್ನೂ ಹಾಕಿ ನೋಡಿದ ಲೆಕ್ಕ

ಕುಮಟಾದಲ್ಲಿ ನನ್ನದು ಗೇರುಬೀಜದ ವ್ಯಾಪಾರ. ದುಬೈ, ಮಸ್ಕತ್ ಕಡೆ ಆಗಾಗ ಹೋಗಬೇಕಾಗುತ್ತದೆ. ಹೊಸದಾಗಿ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ: "ಜಿಯೋನಾ, ಏರ್‌ಟೆಲ್ಲಾ?" ನಂಬರ್ ಯಾವ ಕಂಪನಿಯದು ಎನ್ನುವುದು ಒಂದು ಪ್ರಶ್ನೆ. ಹೊರದೇಶದಲ್ಲಿ ಡೇಟಾ ಯಾರದು ಎನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಲಸಿದರೆ ದುಡ್ಡು ಜಾಸ್ತಿ ಹೋಗುತ್ತದೆ.

ನಂಬರಿನ ವಿಷಯ ಸುಲಭ. ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಕಂಪನಿಯೇ ಸರಿ. ಕಾರವಾರ, ಕುಮಟಾ ಪೇಟೆಯಲ್ಲಿ ಯಾವುದಾದರೂ ನಡೆಯುತ್ತದೆ. ಸಿದ್ದಾಪುರ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಗತಿಯಿಲ್ಲದ ಜಾಗ ಇನ್ನೂ ಇವೆ, ಅದೂ ಕರೆಂಟ್ ಇದ್ದರೆ! ಬ್ಯಾಂಕಿಗೆ ಕೊಟ್ಟ ನಂಬರನ್ನು ಮಾತ್ರ ಎಲ್ಲಿ ಹೋದರೂ ಫೋನಿನಲ್ಲೇ ಇಟ್ಟುಕೊಳ್ಳಿ, ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಆಗಿದೆಯಾ ನೋಡಿ. ರೋಮಿಂಗಿನಲ್ಲಿ ಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬರುವ ಕಾಲ್‌ಗೆ ಇದೆ. ಒಂದು ಕಾಲಕ್ಕೆ ಮಾಜಾಳಿ ಗೇಟ್ ದಾಟಿ ಗೋವಾಕ್ಕೆ ಕಾಲಿಟ್ಟರೆ ರೋಮಿಂಗ್ ಬೀಳುತ್ತದೆ ಎಂದು ಫೋನ್ ಎತ್ತದೆ ಕೂರುತ್ತಿದ್ದೆವು, ನೆನಪಿದೆಯಾ? ಹೊರದೇಶದಲ್ಲಿ ಪ್ಯಾಕ್ ಇಲ್ಲದಿದ್ದರೆ ಈಗಲೂ ಅದೇ ಕಥೆ. ಶಿರಸಿಯಿಂದ ಮಾವ ಅಡಿಕೆ ರೇಟು ಹೇಳಲು ಫೋನ್ ಮಾಡಿದರೂ ಮೀಟರ್ ಓಡುವುದು ನಮ್ಮದು.

ಈಗ ಡೇಟಾ. ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕ್, ಅಲ್ಲಿನ ಸಿಮ್, ಟ್ರಾವೆಲ್ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರುವ ಸಿಮ್), ಮೂರೂ ನನ್ನ ಫೋನಿನಲ್ಲಿ ಓಡಿವೆ.

ಒಂದು ಜಿಬಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ರೋಮಿಂಗ್ ಪ್ಯಾಕ್ ದುಬಾರಿ. ಆದರೂ ದುಬೈ ಮಟ್ಟಿಗೆ ನಾನು ಅದನ್ನು ಬಿಟ್ಟಿಲ್ಲ. ಕಾರಣ ವಾಟ್ಸ್‌ಆ್ಯಪ್. ಯುಎಇಯ ನೆಟ್‌ವರ್ಕ್‌ಗಳಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕಾಲ್‌ಗೆ ತಡೆ ಇದೆ. ಬೋಟಿಮ್‌ನಂಥ ಆ್ಯಪ್‌ಗಳಿಗೆ ಅಲ್ಲಿ ಅನುಮತಿ ಇದೆ, ಸರಿ. ಆದರೆ ಊರಲ್ಲಿರುವ ಆಯಿಗೆ, ಅಂದರೆ ಅಮ್ಮನಿಗೆ, ಬೋಟಿಮ್ ಕಲಿಸುವವರು ಯಾರು? ಅವಳಿಗೆ ಗೊತ್ತಿರುವುದು ಆ ಹಸಿರು ಬಟನ್ ಒಂದೇ. ದೇರಾದ ಹೋಟೆಲ್ ರೂಮಿನಲ್ಲಿ ಕೂತು ಅಲ್ಲಿನ ಸಿಮ್‌ನಿಂದ ವಿಡಿಯೋ ಕಾಲ್ ಹಚ್ಚಿದೆ. ರಿಂಗ್ ಆಯಿತು, ಎತ್ತಿದ್ದೂ ಗೊತ್ತಾಯಿತು, ಆಮೇಲೆ ಬರೀ 'ಕನೆಕ್ಟಿಂಗ್'. ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾವನ್ನು ಊರಿನ ಸಿಮ್‌ಗೆ ಬದಲಾಯಿಸಿದೆ. ಮತ್ತೆ ಹಚ್ಚಿದಾಗ ಮೊದಲು ಅಡುಗೆಮನೆಯ ಜಂತಿ ಕಂಡಿತು, ಆಮೇಲೆ ಅರ್ಧ ಮುಖ, "ತಮಾ, ಊಟ ಆತಾ?"

ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ. ರೋಮಿಂಗ್ ಡೇಟಾ ಸಾಮಾನ್ಯವಾಗಿ ಭಾರತದ ಕಂಪನಿಯ ತನಕ ಬಂದು, ಅಲ್ಲಿಂದ ಇಂಟರ್‌ನೆಟ್ ಸೇರುತ್ತದೆ. ದುಬೈನಲ್ಲಿ ನಿಂತಿದ್ದರೂ ಇಂಟರ್‌ನೆಟ್ಟಿನ ಲೆಕ್ಕದಲ್ಲಿ ನೀವು ಇಲ್ಲೇ ಇದ್ದೀರಿ. ಬ್ಯಾಂಕ್ ಆ್ಯಪ್ ಕೂಡ ತಕರಾರು ತೆಗೆಯುವುದಿಲ್ಲ. ಆದರೆ ಸುತ್ತು ದಾರಿ ಅಲ್ವಾ, ಮ್ಯಾಪ್ ತೆರೆಯಲು ತಡ ಮಾಡುತ್ತದೆ.

ಒಂದು ಕಂಪನಿಯ ಪ್ಯಾಕ್ ಮಾತ್ರ ಇಳಿದ ಮೇಲೆ ಅರ್ಧ ದಿನ ಶುರುವೇ ಆಗಲಿಲ್ಲ. ಕಸ್ಟಮರ್ ಕೇರ್‌ನವರದು ಒಂದೇ ಮಂತ್ರ, ಫೋನ್ ಆಫ್ ಮಾಡಿ ಆನ್ ಮಾಡಿ. ಕೊನೆಗೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಆಟೋಮ್ಯಾಟಿಕ್ ತೆಗೆದು, ಪ್ಯಾಕಿಗೆ ಒಪ್ಪಂದ ಇರುವ ನೆಟ್‌ವರ್ಕನ್ನು ನಾನೇ ಆರಿಸಿದಾಗ ಬಂತು. ಆ ಹೆಸರನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಅಲ್ಲಿನ ಸಿಮ್ ಎಂದರೆ ದುಬೈನಲ್ಲಿ ಎಟಿಸಲಾತ್ (ಈಗಿನ ಹೆಸರು ಇ&), ಡು. ಪಾಸ್‌ಪೋರ್ಟ್ ಕೊಟ್ಟರೆ ಏರ್‌ಪೋರ್ಟಿನಲ್ಲೇ ಸಿಗುತ್ತದೆ. ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ವ್ಯಾಪಾರದವರಿಗೆ ಇನ್ನೊಂದು ಲಾಭ, ಅಲ್ಲಿನದೇ ನಂಬರ್. ಅಲ್ ರಾಸ್ ಮಾರ್ಕೆಟಿನ ಗಿರಾಕಿ +91 ನಂಬರಿಗೆ ಕಾಲ್ ಮಾಡಲು ಹಿಂದೆಮುಂದೆ ನೋಡುತ್ತಾನೆ, 05ರಿಂದ ಶುರುವಾಗುವ ನಂಬರ್ ಕೊಟ್ಟರೆ ಕೂಡಲೇ ಹಚ್ಚುತ್ತಾನೆ. ಆದರೆ ಪ್ರವಾಸಿ ಸಿಮ್‌ನ ಆಯುಷ್ಯ ಕಮ್ಮಿ. ಮುಂದಿನ ಸಲ ಹೋದರೆ ಹೊಸ ನಂಬರ್, ಎಲ್ಲರಿಗೂ ಮತ್ತೆ ಹೇಳಬೇಕು. ಅಲ್ಲಿಂದ ಮಸ್ಕತ್‌ಗೆ ಹೋದರೆ ಒಮಾನ್‌ಟೆಲ್ಲೋ ಊರೆಡೂನೋ ಇನ್ನೊಂದು ಸಿಮ್. ನನ್ನ ಪರ್ಸಿನಲ್ಲಿ ಸತ್ತ ಸಿಮ್‌ಗಳದೇ ಒಂದು ಕಟ್ಟಿದೆ.

ಇ-ಸಿಮ್ ಹಲವು ದೇಶ ಸುತ್ತುವವರಿಗೆ ಹೇಳಿ ಮಾಡಿಸಿದ್ದು. ಸಿಮ್ ಬದಲಿಸುವ ರಗಳೆ ಇಲ್ಲ, ದರವೂ ರೋಮಿಂಗಿಗಿಂತ ಕಮ್ಮಿ ಬಿತ್ತು. ಹೆಚ್ಚಿನವುಗಳಲ್ಲಿ ಡೇಟಾ ಮಾತ್ರ, ನಂಬರ್ ಇರುವುದಿಲ್ಲ. ಡೇಟಾ ಹಾಂಗ್‌ಕಾಂಗ್, ಸಿಂಗಾಪುರ ಅಂತ ಎಲ್ಲಿಂದಲೋ ಹೊರಬೀಳಬಹುದು. ಆಗ ಬ್ಯಾಂಕ್ ಆ್ಯಪ್ ಮುನಿಸಿಕೊಳ್ಳುವುದುಂಟು. ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಅದಿಲ್ಲವೆಂದು 2024ರ ಜನವರಿಯಲ್ಲಿ ಏರಾಲೊ, ಹೊಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆಸಿದ್ದರು. ಕೊಳ್ಳುವ ಮೊದಲು ಎನ್‌ಒಸಿ ಇದೆಯಾ ನೋಡಿ, ನಿಮ್ಮ ಫೋನ್ ಇ-ಸಿಮ್ ತೆಗೆದುಕೊಳ್ಳುತ್ತದಾ ಅದನ್ನೂ ನೋಡಿ.

ನಾನೀಗ ಮಾಡುವುದು ಹೀಗೆ. ನಾಲ್ಕಾರು ದಿನದ ದುಬೈಗೆ ರೋಮಿಂಗ್ ಪ್ಯಾಕ್ ಒಂದೇ ಸಾಕು. ವಾರ ದಾಟುವ ವ್ಯಾಪಾರಕ್ಕೆ ಅಲ್ಲಿನ ಸಿಮ್, ಜೊತೆಗೆ ಆಯಿಗೋಸ್ಕರ ಒಂದು ಸಣ್ಣ ರೋಮಿಂಗ್ ಪ್ಯಾಕ್. ಎರಡು-ಮೂರು ದೇಶ ಇದ್ದರೆ ಇ-ಸಿಮ್. ನಡುವೆ ದೋಹಾದಲ್ಲೋ ಬಹ್ರೇನ್‌ನಲ್ಲೋ ವಿಮಾನ ಬದಲಿಸುವುದಿದ್ದರೆ ಆ ದೇಶವೂ ಪ್ಯಾಕಿನಲ್ಲಿದೆಯಾ ನೋಡಿಕೊಳ್ಳುತ್ತೇನೆ. ವಿಮಾನದೊಳಗೆ ಫ್ಲೈಟ್ ಮೋಡ್ ತೆಗೆಯುವುದೇ ಇಲ್ಲ, ಅಲ್ಲಿನ ನೆಟ್‌ವರ್ಕಿಗೆ ದರವೇ ಬೇರೆ.

ತಿಂಗಳುಗಟ್ಟಲೆ ಗಲ್ಫ್‌ನಲ್ಲಿ ಉಳಿಯುವವರು ಊರಿನ ನಂಬರನ್ನು ಸುಮ್ನೆ ಬಿಡಬೇಡಿ. 90 ದಿನ ಬಳಸದಿದ್ದರೆ ಅದು ಕೈತಪ್ಪಬಹುದು. ಡೇಟಾ ಇಲ್ಲದ, ಕಾಲ್ ಮತ್ತು ಮೆಸೇಜ್ ಮಾತ್ರದ ಪ್ಯಾಕ್ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದೆ, ವಾಯಿದೆ 365 ದಿನದವರೆಗೂ ಇರಬಹುದು. ರೀಚಾರ್ಜ್ ಅಂಗಡಿಯಲ್ಲಿ ಅದನ್ನೇ ಕೇಳಿ, ಅವರಾಗಿ ಹೇಳುವುದು ಕಮ್ಮಿ.