ದೂರಪಾಠಕ್ಕೆ ಮೊಬೈಲ್ ಪೋಲ್: ಮಲೆನಾಡಿನ ಸಿಗ್ನಲ್‌ನಲ್ಲಿ ಯಾವುದು ವಾಸಿ?

ಪಾಠದ ನಡುವೆ ಪ್ರಶ್ನೆ ಕೇಳಿ ಎಲ್ಲರ ಉತ್ತರವನ್ನೂ ಫೋನಿನಲ್ಲೇ ಪಡೆಯುವುದು ಪೋಲ್. ಅದಕ್ಕೆಂದೇ ಇರುವ ಮೆಂಟಿಮೀಟರ್, ಸ್ಲೈಡೊ ತರಹದ ಸೇವೆಗಳನ್ನು ಮಾಡಿದವರ ಮನಸ್ಸಿನಲ್ಲಿರುವ ತರಗತಿಯೇ ಬೇರೆ. ಅಲ್ಲಿ ಪಾಠ ದೊಡ್ಡ ಪರದೆಯ ಮೇಲೆ, ವಿದ್ಯಾರ್ಥಿಯ ಕೈಯಲ್ಲಿ ಫೋನು ಖಾಲಿ. ಹಾಸನದ ಕಾಲೇಜಿನ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿದರೆ ಅದು ಸರಿಯೇ. ಆದರೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಮನೆಯಿಂದಲೇ ಮುಕ್ತ ವಿವಿಯ ಪದವಿ ಓದುವ ಎಷ್ಟೋ ಜನರಿಗೆ ಪಾಠ ಬರುವುದೂ ಉತ್ತರ ಒತ್ತಬೇಕಾದದ್ದೂ ಒಂದೇ ಫೋನಿನಲ್ಲಿ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಚಾರ್ಟಿನ ಬಣ್ಣವನ್ನಲ್ಲ. ಉತ್ತರ ಕೊಟ್ಟು ಪಾಠಕ್ಕೆ ವಾಪಸ್ ಬರುವುದು ಎಷ್ಟು ಸುಲಭ ಎಂಬುದನ್ನು.

ಈ ಲೆಕ್ಕದಲ್ಲಿ ಮೆಂಟಿಮೀಟರ್ ಹಿಂದೆ ಬೀಳುತ್ತದೆ. ಪಾಠದ ಆ್ಯಪ್ ಬಿಟ್ಟು ಬ್ರೌಸರ್ ತೆರೆದು ಎಂಟಂಕಿಯ ಕೋಡ್ ಹಾಕಬೇಕು. ಆ ಕೋಡ್ ಇರುವುದು ಪಾಠದ ಸ್ಲೈಡ್‌ನಲ್ಲಿ, ಬ್ರೌಸರ್ ತೆರೆದೊಡನೆ ಅದು ಮರೆ. ಕ್ಯೂಆರ್ ಕೋಡ್ ತೋರಿಸಿ ಪ್ರಯೋಜನವೇ ಇಲ್ಲ: ತನ್ನದೇ ಪರದೆಯನ್ನು ಫೋನಿನ ಕ್ಯಾಮೆರಾ ಹೇಗೆ ನೋಡೀತು? ಬಳಸಲೇಬೇಕೆಂದರೆ ತರಗತಿಗೆ ಹತ್ತು ನಿಮಿಷ ಮೊದಲೇ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿ, ಪುಟ ತೆರೆದಿಟ್ಟುಕೊಳ್ಳಲು ಹೇಳಿ. ಉಚಿತ ಖಾತೆಯಲ್ಲಿ ತಿಂಗಳಿಗೆ 50 ಜನರ ಮಿತಿ ಇದೆ. ಅರವತ್ತು ಮಂದಿಯ ಬ್ಯಾಚ್ ಆದರೆ ಮೊದಲ ಪಾಠಕ್ಕೇ ಮುಗಿಯಿತು. ಹೆಚ್ಚು ಜನ ಬರೆದ ಪದವನ್ನು ದೊಡ್ಡದಾಗಿ ತೋರಿಸುವ ವರ್ಡ್ ಕ್ಲೌಡ್ ನೋಡಲು ಚೆಂದ, ಆದರೆ ಕನ್ನಡಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ‘ಬಂಡವಾಳ’ವನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ‘ಬಂಡವಾಳದ’ ಎಂದು ಬರೆದರೆ ಮೂರೂ ಬೇರೆ ಬೇರೆ ಪದಗಳಾಗಿ ಚದುರುತ್ತವೆ. ಸ್ಲೈಡೊದಲ್ಲೂ ಬ್ರೌಸರ್‌ನ ತಾಪತ್ರಯ ಇದ್ದದ್ದೇ.

ಜೂಮ್‌ನ ಪೋಲ್ ಪಾಠದ ಪರದೆಯ ಮೇಲೆಯೇ ಬರುತ್ತದೆ, ಅದೇ ಅದರ ದೊಡ್ಡ ಗುಣ. ಆದರೆ ಶಿಕ್ಷಕರಿಗೆ ಹಣ ಕೊಟ್ಟ ಖಾತೆ ಬೇಕು. ಗೂಗಲ್ ಮೀಟ್‌ನ ಪೋಲ್ ಉಚಿತ ಜಿಮೇಲ್ ಖಾತೆಯಲ್ಲಿ ಸಿಗುವುದಿಲ್ಲ.

ವಾಟ್ಸಾಪ್ ಪೋಲ್ 2022ರಿಂದ ಇದೆ, 12 ಆಯ್ಕೆಗಳವರೆಗೆ ಕೊಡಬಹುದು, ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮುಂದಿನ ತರಗತಿ ಶನಿವಾರವೋ ಭಾನುವಾರವೋ ಎಂದು ಕೇಳಲು ಇದಕ್ಕಿಂತ ಸಲೀಸಾದದ್ದಿಲ್ಲ. ಸರಿ-ತಪ್ಪಿನ ಪ್ರಶ್ನೆಗೆ ಮಾತ್ರ ಬೇಡ. ಯಾರು ಏನು ಒತ್ತಿದರೆಂದು ಗುಂಪಿಗೆಲ್ಲ ಹೆಸರು ಸಮೇತ ಕಾಣುತ್ತದೆ, ಒತ್ತಿದ್ದನ್ನು ಬದಲಿಸಲೂಬಹುದು. ತರಗತಿಯ ಜಾಣೆ ಮೊದಲು ಒತ್ತಿದ ಕಡೆಗೇ ಉಳಿದವರೂ ಜಾರುತ್ತಾರೆ.

ನಮ್ಮ ಮತ ಟೆಲಿಗ್ರಾಂನ ಕ್ವಿಜ್ ಪೋಲ್‌ಗೆ. ಗುಂಪಿನಲ್ಲಿ ಪೇಪರ್ ಕ್ಲಿಪ್ ಗುರುತು ಒತ್ತಿ ಪೋಲ್ ಆರಿಸಿ, ಪ್ರಶ್ನೆ ಮತ್ತು ಆಯ್ಕೆಗಳನ್ನು ಬರೆಯಿರಿ. ಕ್ವಿಜ್ ಮೋಡ್ ಹಾಕಿ ಸರಿಯುತ್ತರ ಗುರುತಿಸಿ, ವಿವರಣೆ ಸೇರಿಸಿ, ಕಳಿಸಿ. ಹೆಸರು ಕಾಣದಂತೆ ಇಡಬಹುದು, ಕೊಟ್ಟ ಉತ್ತರ ಬದಲಿಸಲಾಗದು, ತಾನು ಒತ್ತುವವರೆಗೆ ಉಳಿದವರ ಉತ್ತರ ಕಾಣದು. ಪ್ರಶ್ನೆಗೆ 255, ಪ್ರತಿ ಆಯ್ಕೆಗೆ 100, ವಿವರಣೆಗೆ 200 ಅಕ್ಷರಗಳ ಮಿತಿ ಇದೆ. ಧಾರಾಳವಾಯಿತು ಅನ್ನಿಸಬಹುದು, ಆದರೆ ಕನ್ನಡದಲ್ಲಿ ಒತ್ತಕ್ಷರ, ಗುಣಿತಗಳೂ ಲೆಕ್ಕಕ್ಕೆ ಬರುತ್ತವೆ. ‘ಕ್ಷ್ಮೀ’ ಒಂದಕ್ಕೇ ಆರು. ಒಂದೇ ಪೋಲನ್ನು ಎರಡು ಬ್ಯಾಚಿಗೆ ಫಾರ್ವರ್ಡ್ ಮಾಡಬೇಡಿ, ಎರಡರ ಉತ್ತರವೂ ಒಟ್ಟಿಗೆ ಕೂಡಿಕೊಳ್ಳುತ್ತದೆ. ಪ್ರತಿ ಬ್ಯಾಚಿಗೂ ಹೊಸದಾಗಿ ಮಾಡಿ.

ಇಲ್ಲೂ ಪಾಠದ ಆ್ಯಪ್‌ನಿಂದ ಆಚೆ ಹೋಗಬೇಕಾಗುತ್ತದೆ ನಿಜ. ಆದರೆ ಹೊಸ ಪುಟ ಇಳಿಯುವವರೆಗೆ ಕಾಯಬೇಕಿಲ್ಲ, ಕೋಡ್ ಬೇಡ, ಬಂದ ನೋಟಿಫಿಕೇಶನ್ ಒತ್ತಿದರೆ ಸಾಕು. ಸಿಗ್ನಲ್ ಒಂದು ಕಡ್ಡಿಗೆ ಇಳಿದು ವಿಡಿಯೊ ನಿಂತಾಗಲೂ ಇಷ್ಟು ಸಣ್ಣ ಸಂದೇಶ ಹೇಗೋ ದಾಟಿಬಿಡುವುದುಂಟು. ಪೋಲ್ ಕಳಿಸಿ 90 ಸೆಕೆಂಡ್ ಕೊಡಿ, ಅಷ್ಟು ಹೊತ್ತೂ ಪ್ರಶ್ನೆಯನ್ನು ಬಾಯಲ್ಲಿ ಓದಿ ಹೇಳುತ್ತಿರಿ.

ಸೇವೆ ಯಾವುದಾದರೂ ಪ್ರಶ್ನೆ ಸಪ್ಪೆಯಾದರೆ ಏನೂ ದಕ್ಕದು. ‘ಅರ್ಥವಾಯಿತೇ?’ ಎಂದು ಪೋಲ್ ಹಾಕಿದರೆ ಎಲ್ಲರೂ ಹೌದು ಎನ್ನುತ್ತಾರೆ. ಬದಲಿಗೆ ಬಿ.ಕಾಂ. ತರಗತಿಗೆ ಹೀಗೆ ಕೇಳಿ: ಕಾಫಿ ವ್ಯಾಪಾರಿ ಮನೆಖರ್ಚಿಗೆ ಅಂಗಡಿಯ ನಗದಿನಿಂದ 5,000 ರೂ. ತೆಗೆದರೆ ಡೆಬಿಟ್ ಆಗುವ ಖಾತೆ ಯಾವುದು? ನಗದು, ಸಂಬಳ, ಬಂಡವಾಳ, ಡ್ರಾಯಿಂಗ್ಸ್. ಸರಿಯುತ್ತರ ಡ್ರಾಯಿಂಗ್ಸ್, ಅಂದರೆ ಮಾಲೀಕ ಸ್ವಂತಕ್ಕೆ ತೆಗೆದದ್ದರ ಖಾತೆ. ನಗದು ಎಂದವರಿಗೆ ಡೆಬಿಟ್-ಕ್ರೆಡಿಟ್ ಅದಲುಬದಲಾಗಿದೆ. ಸಂಬಳ ಎಂದವರು ಮನೆಯನ್ನೂ ಅಂಗಡಿಯನ್ನೂ ಬೆರೆಸಿದ್ದಾರೆ. ಬಂಡವಾಳ ಎಂದವರು ವರ್ಷದ ಕೊನೆಗೆ ಆಗುವುದನ್ನು ಇಂದೇ ಮಾಡಿದ್ದಾರೆ; ಅವರಿಗೆ ಅರ್ಧ ಗೊತ್ತಿದೆ. ತಪ್ಪು ಆಯ್ಕೆಗಳು ಹೀಗೆ ಒಂದೊಂದು ತಪ್ಪು ತಿಳಿವಳಿಕೆಯನ್ನು ಹಿಡಿದುಕೊಡಬೇಕು.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಸರಿಯುತ್ತರ ಸುಮಾರು ಶೇ. 30ರಿಂದ 70ರ ನಡುವೆ ಬಂದರೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಚರ್ಚಿಸಿ ಮತ್ತೆ ಉತ್ತರಿಸುತ್ತಾರೆ. ಟೆಲಿಗ್ರಾಂ ಸೋಲುವುದು ಇಲ್ಲಿ: ಒತ್ತಿದ ತಕ್ಷಣ ಫಲಿತಾಂಶ, ಕ್ವಿಜ್ ಆದರೆ ಸರಿಯುತ್ತರ ಕೂಡ ಬಯಲು, ಚರ್ಚೆಗೆ ಏನೂ ಉಳಿಯದು. ಫಲಿತಾಂಶ ಮುಚ್ಚಿಟ್ಟು ಬೇಕಾದಾಗ ತೋರಿಸಲು ಜೂಮ್ ಅಥವಾ ಮೆಂಟಿಮೀಟರ್ ಬೇಕು. ಚರ್ಚೆಗೇ ಮೀಸಲಾದ ಪಾಠವಿದ್ದು ಬ್ಯಾಚ್ ಚಿಕ್ಕದಾಗಿದ್ದರೆ ಆ ತಾಪತ್ರಯಕ್ಕೆ ಬೆಲೆಯಿದೆ.

ಪೋಲನ್ನು ಹಾಜರಾತಿಗಂತೂ ಬಳಸಬೇಡಿ. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಟವರ್ ಕೈಕೊಟ್ಟರೆ ಕೊಪ್ಪದ ಹುಡುಗಿ ಗೈರುಹಾಜರಿ ಎಂದಾಗುತ್ತದೆ. ಹೆಸರು ಸಮೇತ ದಾಖಲೆ ಬೇಕಿದ್ದರೆ ಗೂಗಲ್ ಫಾರ್ಮ್ ಮಾಡಿ, ಮರುದಿನ ಸಂಜೆಯವರೆಗೂ ತೆರೆದಿಡಿ.